ಭೀಮಪ್ಪನ ಬೆಳ್ಳಿ ನಾಣ್ಯ

ಧರಮಪೇಠ, ನಾಗಪುರ
ಭಾನುವಾರ

ಚಿ. ಸೌ. ವಿಜಯಾಗೆ,

ಧಾರವಾಡದಲ್ಲಿ ಮಗಳ ಬಾಣಂತನ ಸುಸೂತ್ರವಾಗಿ ನಡೆದಿದೆ ಎಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆಯೇ ಜಗಳವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಅಡುಗೆಮನೆಯ ಕಪಾಟು ಈ ವರ್ಷ ಆಗುವುದಿಲ್ಲ. ಆ ನಲವತ್ತು ಸಾವಿರವನ್ನು ನಿನ್ನೆ ಹರಾಜಿನಲ್ಲಿ ಒಂದು ನಾಣ್ಯಕ್ಕೆ ಕೊಟ್ಟೆ.

ನಾಣ್ಯ ನಮ್ಮ ಗೆಳೆಯ ಭೀಮಪ್ಪನದು. ಅವನು ತೀರಿಕೊಂಡ ಮೇಲೆ ಹೆಂಡತಿ ನೀಲವ್ವ ಮೊಣಕಾಲಿನ ಆಪರೇಷನ್ ಮುಂದೂಡುತ್ತಲೇ ಬಂದಳು. ನಾವು ಕೊಡಹೋದ ಹಣವನ್ನು ಮುಟ್ಟಲಿಲ್ಲವೆಂಬುದು ನಿನಗೆ ಗೊತ್ತು. ಕೊನೆಗೆ ಅವನು ಜೋಪಾನ ಮಾಡಿದ್ದ ಆದಿಲ್‌ಶಾಹಿ ಬೆಳ್ಳಿ ನಾಣ್ಯವನ್ನು ಹರಾಜಿಗಿಟ್ಟಳು. ನಾನು ಮೊದಲ ಸವಾಲಿಗೇ ನಲವತ್ತು ಎಂದೆ. ಪಕ್ಕದಲ್ಲಿದ್ದ ವ್ಯಾಪಾರಿ, "ಕಾಕಾ, ಇದು ಸಿಗೋದು ಕಷ್ಟ, ಖರೆ. ಆದರೂ ಹತ್ತು ಸಾವಿರದ ಮಾಲು," ಎಂದು ಮರಾಠಿಯಲ್ಲಿ ಪಿಸುಗುಟ್ಟಿದ. ನಾನು ಕೈ ಇಳಿಸಲಿಲ್ಲ.

ಹೊರಗೆ ಬಂದಾಗ ನೀಲವ್ವ ಕೇಳಿದಳು: "ಖರೇ ಹೇಳ್ರಿ ರಾಯರ, ಅಷ್ಟು ಬೆಲಿ ಬಾಳತೈತೇನು ಅದು?"

"ಬರೋಬರ್ ಬಾಳತದವಾ," ಎಂದೆ.

"ಪಗಾರ ಎಲ್ಲಾ ಇಂಥಾ ಕಸಕ್ಕ ಹಾಕ್ತೀರಿ ಅಂತ ಜನ್ಮಪೂರ್ತಿ ಅವರಿಗೆ ಬೈದೆ. ಅವರಿಗೆ ತಿಳೀತಿತ್ತು ನೋಡ್ರಿ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಪರೇಷನ್ ಮುಂದಿನ ತಿಂಗಳು. ಅಷ್ಟರಲ್ಲಿ ಬಾ, ಆಸ್ಪತ್ರೆಯಲ್ಲಿ ಅವಳ ಜೊತೆ ಹೆಂಗಸರೊಬ್ಬರು ಬೇಕು. ನಾಣ್ಯದ ಈ ಮಾತನ್ನು ಅವಳು ನಿನಗೂ ಹೇಳುತ್ತಾಳೆ. ಹೌದವಾ, ಭೀಮಪ್ಪನವರಿಗೆ ಭಾಳ ತಿಳೀತಿತ್ತು ಎಂದಷ್ಟೇ ಹೇಳು. ಆಗ ನನ್ನ ಮುಖ ಮಾತ್ರ ನೋಡಬೇಡ.

ನಿನ್ನ
ಬಿಂದುಮಾಧವ