ಬಿದ್ದವನನ್ನು ಕೂರಿಸಬೇಡಿ ಎಂದಿದ್ದಕ್ಕೊಂದು ನೋಟಿಸು

ಮಾನ್ಯ ವಿಚಾರಣಾಧಿಕಾರಿಗಳೇ,

ತೆಂಗಿನ ಮರದಿಂದ ಬಿದ್ದ ಮನುಷ್ಯನನ್ನು ಎತ್ತಿ ಕೂರಿಸಬೇಡಿ ಎಂದು ಗದರಿದ ಅಪರಾಧಕ್ಕೆ, ನಮ್ಮೂರ ಆರೋಗ್ಯ ಕೇಂದ್ರದ ನರ್ಸ್ ಶಿಲ್ಪ ಅವರಿಗೆ ತಾವು ನೋಟಿಸು ಕೊಟ್ಟಿದ್ದೀರಿ. ಬರುವ ಸೋಮವಾರ ಅವರು ತಮ್ಮ ಮುಂದೆ ನಿಂತು ಉತ್ತರ ಹೇಳಬೇಕು. ಉತ್ತರ ತಮಗೆ ಹಿಡಿಸದಿದ್ದರೆ ಅವರ ಗುತ್ತಿಗೆ ಮುಂದುವರಿಯುವುದಿಲ್ಲ. ಎಂಟು ವರ್ಷ ಇಲ್ಲಿ ದುಡಿದ ಹೆಣ್ಣುಮಗಳು ಕೆಲಸ ಕಳೆದುಕೊಳ್ಳುತ್ತಾರೆ. ಅವರ ಜಾಗಕ್ಕೆ ಇನ್ನೊಬ್ಬರು ಯಾವಾಗ ಬರುತ್ತಾರೆಂದು ತಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತಮ್ಮ ನೋಟಿಸನ್ನು ನಾನು ಮೂರು ಸಲ ಓದಿದೆ. ಮೊದಲ ಸಲ ನಗು ಬಂತು. ಮೂರನೆಯ ಸಲಕ್ಕೆ ಮೈ ಉರಿಯಿತು.

'ನರ್ಸ್ ಆದವರು ವೈದ್ಯರ ಸೂಚನೆಯನ್ನು ಪಾಲಿಸತಕ್ಕದ್ದೇ ಹೊರತು ಸ್ವಂತ ತೀರ್ಮಾನ ಕೈಗೊಳ್ಳತಕ್ಕದ್ದಲ್ಲ' ಎಂದಿದ್ದೀರಿ. ಒಳ್ಳೆಯದು. ಆ ದಿನ ವೈದ್ಯರು ಎಲ್ಲಿದ್ದರು? ತಮ್ಮ ಕಚೇರಿಯೇ ಕರೆದ ಸಭೆಯಲ್ಲಿ. ಶಿಲ್ಪ ಮೂರು ಸಲ ಫೋನ್ ಮಾಡಿಸಿದರು. ಸಭೆಯಲ್ಲಿ ಫೋನ್ ಎತ್ತಕೂಡದೆಂಬುದು ತಮ್ಮದೇ ಸುತ್ತೋಲೆಯಂತೆ. ಹಾಗಾದರೆ ಸಭೆ ಮುಗಿದು, ಚಹಾ ಬಿಸ್ಕತ್ತು ಆಗಿ, ವೈದ್ಯರು ಸೂಚನೆ ಕೊಡುವವರೆಗೆ ಬಿದ್ದವನು ಕಾಯಬೇಕಿತ್ತೆ? ಮರದಿಂದ ಬೀಳುವ ಮುನ್ನ ವೈದ್ಯರ ಬಿಡುವು ವಿಚಾರಿಸಿಕೊಳ್ಳಲಿಲ್ಲವೆಂದು ಅವನಿಗೂ ಒಂದು ನೋಟಿಸು ಕಳಿಸಿಬಿಡಿ.

ನಡೆದದ್ದನ್ನು ತಾವು ಕಂಡಿಲ್ಲ, ನಾನು ಕಂಡಿದ್ದೇನೆ. ಬಿದ್ದವನು ಬೋರಯ್ಯ. ಶೆಟ್ಟಿಕೆರೆಯಿಂದ ಹಂದನಕೆರೆಯವರೆಗೆ ಅವನು ಹತ್ತದ ಮರವಿಲ್ಲ. ಬಿದ್ದದ್ದು ನನ್ನ ತೋಟದಲ್ಲಿ, ಬೆಳಗಿನ ಹತ್ತು ಗಂಟೆಗೆ. ನಮ್ಮ ಕಡೆ ಒಂದು ಪದ್ಧತಿಯಿದೆ. ಮರದಿಂದ ಬಿದ್ದವನನ್ನು ಮಲಗಿಸಬಾರದು, ಮಲಗಿಸಿದರೆ ಜೀವ ಇಳಿದುಹೋಗುತ್ತದೆ ಎಂಬ ನಂಬಿಕೆ. ತಕ್ಷಣ ಎತ್ತಿ ಕೂರಿಸುತ್ತೇವೆ, ಬೆನ್ನು ಉಜ್ಜುತ್ತೇವೆ, ಬಾಯಿಗೆ ಎಳನೀರು ಬಿಡುತ್ತೇವೆ, ಆಮೇಲೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತೇವೆ. ನಾನೂ ಅದನ್ನೇ ಮಾಡಹೊರಟೆ. ಒಂದು ಕೈ ಅವನ ಕಂಕುಳಿಗೆ ಹಾಕಿದ್ದೆ, ಇನ್ನೊಂದರಲ್ಲಿ ಕೆತ್ತಿದ ಎಳನೀರು ಹಿಡಿದಿದ್ದೆ.

ಆರೋಗ್ಯ ಕೇಂದ್ರ ತೋಟದ ಬೇಲಿಗೆ ಅಂಟಿಕೊಂಡಂತಿದೆ. ಕೂಗಾಟ ಕೇಳಿ ಶಿಲ್ಪ ಓಡಿಬಂದರು. "ಯಜಮಾನ್ರೇ, ಬುಡ್ರಿ ಅವ್ರನ್ನ! ಎತ್ಕೊಂಡ್ ಹೋಗೋಕೆ ಕೊಬ್ರಿ ಚೀಲ ಅಲ್ಲ ಕಣ್ರೀ ಅದು!" ಎಂದು ಕಿರುಚಿದರು. ನಾನು ಬಿಡಲಿಲ್ಲ. ಅವರು ನನ್ನ ಕೈಯಲ್ಲಿದ್ದ ಎಳನೀರನ್ನು ತಟ್ಟಿ ಬೀಳಿಸಿದರು. ಆಳುಗಳೆದುರಿಗೆ, ಅರವತ್ತೆಂಟು ವರ್ಷದ ನನ್ನ ಪಂಚೆಯೆಲ್ಲ ತೊಯ್ದುಹೋಯಿತು.

ಆಮೇಲೆ ಅವರು ನೆಲದ ಮೇಲೆ ಕೂತು ಬೋರಯ್ಯನ ತಲೆಯನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿದರು. "ಬೋರಯ್ಯ, ಕಾಲ್ಬೆಳ್ಳು ಅಲ್ಲಾಡ್ಸಿ ನೋಡಣ" ಎಂದರು. ಎಡಗಾಲಿನ ಬೆರಳು ಅಲ್ಲಾಡಿತು. ಬಲಗಾಲಿನದು ಬಹಳ ಹೊತ್ತು ಯೋಚನೆ ಮಾಡಿತು. ಪಂಪ್ ಮನೆಯ ಬಾಗಿಲು ಕಿತ್ತು ತರಿಸಿದರು. ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ನಮ್ಮ ನಾಲ್ವರ ಕೈಯಲ್ಲಿ ಅವನನ್ನು ಒಂದೇ ಸಲಕ್ಕೆ ಹೊರಳಿಸಿ ಬಾಗಿಲ ಮೇಲೆ ಮಲಗಿಸಿದರು. ಆಂಬುಲೆನ್ಸ್ ಬರಲು ಐವತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಆ ಕೈ ಸಡಿಲವಾಗಲಿಲ್ಲ. ಇರುವೆಗಳು ಮೊಣಕೈವರೆಗೆ ಹತ್ತಿದ್ದವು, ಕೊಡವಿಕೊಳ್ಳಲಿಲ್ಲ.

ಇನ್ನು 'ಗಣ್ಯ ಹಿರಿಯರೊಬ್ಬರನ್ನು ಸಾರ್ವಜನಿಕವಾಗಿ ಅವಮಾನಿಸಿ, ತಾನೇ ವೈದ್ಯೆಯೆಂಬ ಭ್ರಮೆಯಿಂದ ವರ್ತಿಸಿರುತ್ತಾರೆ' ಎಂಬ ವಾಕ್ಯ. ನೋಟಿಸಿನಲ್ಲಿ ಭಾಷೆ ಚೆನ್ನಾಗಿರುವುದು ಇದೊಂದೇ ಕಡೆ. ಯಾಕೆಂದರೆ ಇದನ್ನು ಬರೆದವನು ನಾನು. ಹೌದು ಮಾನ್ಯರೇ, ಆ ಗಣ್ಯ ಹಿರಿಯನೂ ನಾನೇ, ದೂರುದಾರನೂ ನಾನೇ. ಅಂದು ಸಂಜೆ ಕೊಬ್ಬರಿ ವ್ಯಾಪಾರದ ಮಲ್ಲೇಶ್ ಹೋಟೆಲಿನಲ್ಲಿ ಪಕ್ಕ ಕೂತು, "ಅಲ್ಲ ಕಣಣ್ಣ, ಸೂಜಿ ಚುಚ್ಚೋಳು ನಿಮ್ಗೆ ಹಿಂಗಂದ್ಬುಟ್ಲಾ? ನೀವೂ ಸುಮ್ನೆ ಬಂದ್ರಾ?" ಎಂದ. ಮನೆಗೆ ಬಂದವನೇ ಒಂದೂವರೆ ಪುಟ ಗೀಚಿದೆ. ಬೋರಯ್ಯನ ಕುತ್ತಿಗೆ ಏನಾಯಿತೆಂದು ಆಗ ನಾನು ಕೇಳಿಯೂ ಇರಲಿಲ್ಲ. ನನಗೆ ನನ್ನ ಪಂಚೆಯದೇ ಚಿಂತೆ.

ನನ್ನ ಅಜ್ಞಾನದ ಇನ್ನೊಂದು ಸ್ಯಾಂಪಲ್ಲನ್ನೂ ಕಡತಕ್ಕೆ ಸೇರಿಸಿಕೊಳ್ಳಿ. ಆಂಬುಲೆನ್ಸಿನಿಂದ ಇಳಿದ ಯುವಕನಿಗೆ ನಾನು "ಡಾಕ್ಟ್ರೇ" ಎಂದು ಕೈಮುಗಿದಿದ್ದೆ. ಅವನೂ ನರ್ಸಿಂಗ್ ಓದಿದವನು, ಶಿಲ್ಪ ಅವರಿಗಿಂತ ಚಿಕ್ಕವನು. "ಸಿಸ್ಟರ್, ಮುಂದೇನ್ ಮಾಡಣ?" ಎಂದು ಅವನು ಕೇಳಿದ್ದೂ ಅವರನ್ನೇ. ಮೀಸೆಯೊಂದಿತ್ತು, ಅಷ್ಟಕ್ಕೇ ನನ್ನಿಂದ ಅವನಿಗೆ ಡಾಕ್ಟರ್ ಪದವಿ ಸಿಕ್ಕಿತು. ನನ್ನ ತಂಗಿಯ ಮಗಳು ಗಾನವಿ ನರ್ಸಿಂಗ್ ಸೇರುತ್ತೇನೆಂದಾಗ, ಕಂಡವರ ಮೈ ತೊಳೆಯುವ ಕೆಲಸ ನಮ್ಮ ಮನೆತನಕ್ಕೆ ಬೇಡವೆಂದು ತಪ್ಪಿಸಿದವನೂ ನಾನೇ. ಅವಳು ಇಂದಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ. ಈಗ ಅದು ನ್ಯಾಯವೇ ಅನ್ನಿಸುತ್ತದೆ.

ಹದಿನೇಳು ದಿನದ ಮೇಲೆ ದೊಡ್ಡಾಸ್ಪತ್ರೆಗೆ ಬೋರಯ್ಯನನ್ನು ನೋಡಲು ಹೋದೆ. ಅಲ್ಲಿನ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಕುತ್ತಿಗೆ ಮೂಳೆ ಮುರಿದಿತ್ತು. ಎತ್ತಿ ಕೂರಿಸಿದ್ದರೆ ಭುಜದಿಂದ ಕೆಳಗೆ ಏನೂ ಉಳಿಯದೆ ಹೋಗಬಹುದಿತ್ತು. ಅಲ್ಲಿ ಯಾರೋ ಬುದ್ಧಿವಂತರಿದ್ದರು" ಎಂದರು. ಆ ಯಾರೋ ನಾನಲ್ಲ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿದ್ದ ಬೋರಯ್ಯ ನನ್ನನ್ನು ಕಂಡು, "ಯಜಮಾನ್ರೇ, ಎಳ್ನೀರ್ ತಂದಿಲ್ಲ ತಾನೆ?" ಎಂದ. ಅವನ ಹೆಂಡತಿ ರಂಗಮ್ಮ ನಕ್ಕಳು. ನನಗೆ ಅಳು ಬಂತು, ಅತ್ತೆ.

ಮಾರನೆಯ ದಿನವೇ ದೂರು ವಾಪಸು ಪಡೆಯಲು ತಮ್ಮ ಕಚೇರಿಗೆ ಬಂದೆ. ತಮ್ಮ ಗುಮಾಸ್ತರು, "ದೂರು ಕೊಡೋದು ನಿಮ್ ಹಕ್ಕು ಕಣ್ರೀ, ವಾಪಸ್ ಕೊಡೋದು ಇಲಾಖೆಗೆ ಬಿಟ್ಟಿದ್ದು" ಎಂದರು. ತಾವು ಮಾತ್ರ ಕುರ್ಚಿ ತೋರಿಸಿ ಸೌಜನ್ಯದಿಂದ ಮಾತಾಡಿದಿರಿ. "ಪಾಪ, ಡಾಕ್ಟರ್ ಸೀಟು ಸಿಗದವರು ನರ್ಸ್ ಆಗ್ತಾರೆ. ಆಗಾಗ ಆ ಆಸೆ ತಲೆಯೆತ್ತುತ್ತೆ" ಎಂದಿರಿ. ಬಡಗಿಯನ್ನು ಕಂಡಾಗಲೂ 'ಪಾಪ, ಗಾರೆ ಕೆಲಸ ಸಿಗಲಿಲ್ಲ' ಎನ್ನುತ್ತೀರಾ? ಅದು ಬೇರೆಯೇ ವಿದ್ಯೆ ಸ್ವಾಮಿ. ವೈದ್ಯರು ಬಂದು ನೋಡಿ ಹೋಗುತ್ತಾರೆ, ನರ್ಸ್ ಹತ್ತಿರವೇ ಇರುತ್ತಾರೆ. ಉಸಿರು ಬದಲಾದದ್ದು, ಕಾಲು ತಣ್ಣಗಾದದ್ದು, ಚೀಟಿಯಲ್ಲಿ ಬರೆದ ಔಷಧ ಈ ರೋಗಿಗೆ ಒಗ್ಗದೆಂಬುದು ಮೊದಲು ಕಾಣುವುದು ಯಾರಿಗೆ? ಕಂಡಮೇಲೂ ಸೂಚನೆಗಾಗಿ ಬಾಯಿ ಮುಚ್ಚಿಕೊಂಡಿರುವವರೇ ತಮಗೆ ಬೇಕಿದ್ದರೆ ಗೋಡೆಗೊಂದು ಚಿತ್ರಪಟ ತೂಗುಹಾಕಿಕೊಳ್ಳಿ, ಅದಕ್ಕೆ ಗುತ್ತಿಗೆಯೂ ಬೇಡ.

'ಶುಶ್ರೂಷೆ ಮಾತೃಹೃದಯದ ಸೇವೆ, ಏರುದನಿ ಅದಕ್ಕೆ ಶೋಭೆಯಲ್ಲ' ಎಂದೂ ಬರೆದಿದ್ದೀರಿ. ತಮ್ಮ ತಾಯಿ ತಮಗೆ ಎಂದೂ ಗದರಲಿಲ್ಲವೇ? ಬಾವಿಕಟ್ಟೆ ಹತ್ತಿದ ಮಗುವನ್ನು ಅವರು ಮೆಲುದನಿಯಲ್ಲಿ ಕರೆಯುತ್ತಿದ್ದರೇ? ದಾದಿಯರ ದಿನಾಚರಣೆ ಬಂದಾಗ ಇದೇ ಶಿಲ್ಪ ಅವರಿಗೆ 'ದೇವತೆ' ಎಂದು ಶಾಲು ಹೊದಿಸಿದ್ದು ತಮ್ಮ ಇಲಾಖೆಯೇ. ದೇವತೆಯೆಂದರೆ ಸುಲಭ, ಅವಳಿಗೆ ಓದೂ ಬೇಡ, ಅಧಿಕಾರವೂ ಬೇಡ, ಕಾಯಂ ಕೆಲಸವೂ ಬೇಡ. ತಿಳಿವಳಿಕೆ ಇದೆಯೆಂದು ಒಪ್ಪಿದರೆ ಮಾತ್ರ ಅವಳ ಮಾತು ಕೇಳಬೇಕಾಗುತ್ತದಲ್ಲ.

ಶಿಲ್ಪ ಅವರ ಬಳಿ ಕ್ಷಮೆ ಕೇಳಲೂ ಹೋಗಿದ್ದೆ. ಅವರು ಮಗುವೊಂದಕ್ಕೆ ಲಸಿಕೆ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. "ಕ್ಷಮೆ ಇರ್ಲಿ ಯಜಮಾನ್ರೇ. ಮರ ಹತ್ತೋರ್ನೆಲ್ಲ ಒಂದಿನ ಕೂಡ್ಸಿ. ಬಿದ್ದೋರ್ನ ಹೆಂಗೆ ಹೊರಳಿಸ್ಬೇಕು ಅಂತ ತೋರಿಸ್ಕೊಡ್ತೀನಿ. ಸೋಮವಾರದೊಳ್ಗೆ ಆದ್ರೆ ಒಳ್ಳೇದು" ಎಂದರು. ಸೋಮವಾರದ ನಂತರ ತಾನು ಇಲ್ಲಿರುತ್ತೇನೆಂಬುದು ಅವರಿಗೇ ಖಾತ್ರಿಯಿರಲಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ನೋಟಿಸನ್ನು ಸೋಮವಾರಕ್ಕೆ ಮೊದಲೇ ರದ್ದು ಮಾಡಿ, ಲಿಖಿತವಾಗಿ. ಅವರ ಗುತ್ತಿಗೆ ಮುಂದುವರಿಸಿ. ಸುಳ್ಳು ದೂರು ಕೊಟ್ಟವನ ಮೇಲೆ ಕ್ರಮ ಕೈಗೊಳ್ಳುವ ನಿಯಮವಿದ್ದರೆ ಧಾರಾಳವಾಗಿ ಕೈಗೊಳ್ಳಿ, ನನ್ನ ವಿಳಾಸ ತಮ್ಮಲ್ಲೇ ಇದೆ. ಇಷ್ಟಾದರೂ ವಿಚಾರಣೆ ನಡೆದೇ ತೀರಬೇಕೆಂದರೆ ನಡೆಸಿ. ಆಸ್ಪತ್ರೆಯಿಂದ ಮನೆಗೆ ಬಂದಿರುವ ಬೋರಯ್ಯನೂ ಬರುತ್ತಾನೆ. ತಮ್ಮ ಕೋಣೆ ಎರಡನೆಯ ಮಹಡಿಯಲ್ಲಿದೆ ಎಂದು ಅವನಿಗೆ ಹೇಳಿದೆ. "ಹತ್ಕೊಂಡೇ ಬತ್ತೀನಿ, ಯಾರೂ ಹಿಡ್ಕಬೇಡಿ" ಎಂದಿದ್ದಾನೆ. ಅವನು ಬಂದು ಬಾಗಿಲಲ್ಲಿ ನಿಂತಾಗ, ಅವನ ಕಾಲುಗಳನ್ನು ನೋಡುತ್ತಾ, ಶಿಲ್ಪ ಮಾಡಿದ ತಪ್ಪೇನೆಂದು ಓದಿ ಹೇಳಿ.

ಇಂತಿ,
ತಮ್ಮ ಕಡತದ ಮೊದಲ ಪುಟಕ್ಕೆ ಸಹಿ ಹಾಕಿ ಈಗ ನಾಚುತ್ತಿರುವ ದೂರುದಾರ,
ಶಂಭುಲಿಂಗಯ್ಯ
ತೆಂಗು ಬೆಳೆಗಾರ, ಚಿಕ್ಕನಾಯಕನಹಳ್ಳಿ ತಾಲ್ಲೂಕು