ಉಳುಕದ ಕಾಲು

ಸೆಪ್ಟೆಂಬರ್ 14, 1979. ಬೆಳಿಗ್ಗೆ

ಇಸ್ತ್ರಿ ಮಾಡುತ್ತಿದ್ದೆ, ಮತ್ತೆ ಫೋನು. ಕಾಲೇಜಿನ ಅಧಿಕಾರಿ ಪ್ರೂವಿಟ್. ಫುಟ್‌ಬಾಲ್ ಮೈದಾನದ ಗೇಟಿಗೆ ನಮ್ಮ ಯಜಮಾನರ ಹೆಸರಿಡುತ್ತಾರಂತೆ: ಲೂಶಿಯಸ್ ಮ್ಯಾಬ್ರಿ, ತಂಡದ ಮೊದಲ ಕರಿಯ ಆಟಗಾರ. ಬದುಕಿದ್ದಾಗ ಒಂದು ಕಾರ್ಡೂ ಹಾಕಲಿಲ್ಲ. ಈಗೇಕೆ ಇಷ್ಟು ಪ್ರೀತಿ?

ಸೆಪ್ಟೆಂಬರ್ 17

ಪ್ರೂವಿಟ್ ಬಂದಿದ್ದ. ಗೆಣಸಿನ ಪೈ ಎರಡು ತುಂಡು ತಿಂದ. ಲೂಶಿಯಸ್‌ರ ಕಾಗದಪತ್ರವೆಲ್ಲ ಜೋಪಾನ ಮಾಡುತ್ತೇವೆ, ಕೊಡಿ ಅಂದ. ಕೊಡಲಿಲ್ಲ.

ಗೇಟಿನ ಕಲ್ಲಿನ ಮೇಲೆ ಕೆತ್ತಿಸುವ ಬರಹದ ಕರಡು ಬಿಟ್ಟುಹೋಗಿದ್ದಾನೆ. '1934ರಲ್ಲಿ ಜಾರ್ಜಿಯಾ ತಂಡದ ವಿರುದ್ಧ ಕಾಲು ಉಳುಕಿ ಆಡಲಿಲ್ಲ.' ಶುದ್ಧ ಸುಳ್ಳು. ಕರಿಯನಿದ್ದರೆ ಮೈದಾನಕ್ಕಿಳಿಯೆವು ಅಂದರು ಜಾರ್ಜಿಯಾದ ಬಿಳಿಯರು. ನಮ್ಮ ಕೋಚ್ ಒಳ್ಳೆಯ ಕಾಲಿಗೇ ಬ್ಯಾಂಡೇಜ್ ಸುತ್ತಿಸಿ ಆಟದಿಂದ ಹೊರಗೆ ಕೂರಿಸಿದ. ಲೂಶಿಯಸ್ ಸಾಯುವವರೆಗೂ ಕುದಿಯುತ್ತಿದ್ದರು. ಆದರೆ ಸಾಕ್ಷಿ? ಪೇಪರಿನವರೂ ಉಳುಕು ಅಂತಲೇ ಬರೆದಿದ್ದರು.

ಸೆಪ್ಟೆಂಬರ್ 18

ಮಗಳು ವರ್ಲೀನ್ ಬಂದು, ಹೆಸರಾದರೂ ಬರಲಿ ಬಿಡಮ್ಮ ಅಂದಳು. ಪ್ರೂವಿಟ್ ಇವಳಿಗೂ ಫೋನ್ ಮಾಡಿದ್ದಾನೋ ಏನೋ...

ಸೆಪ್ಟೆಂಬರ್ 29. ಮಧ್ಯಾಹ್ನ

ಬಾಗಿಲಲ್ಲಿ ಬಿಳಿಯ ಮುದುಕ, ಟೋಪಿ ಕೈಯಲ್ಲಿ. ಎಮೆಟ್ ಟಾಲಿವರ್, ಆಗಿನ ಜಾರ್ಜಿಯಾ ತಂಡದವನಂತೆ. ಗೇಟಿನ ಸುದ್ದಿ ಪೇಪರಿನಲ್ಲಿ ಓದಿ ಬಂದನಂತೆ. ಪ್ರೂವಿಟ್ ಕಳಿಸಿದ್ದಾನೆ ಅಂತಲೇ ಅನ್ನಿಸಿತು. ಚಿಲಕದ ಸರಪಳಿ ತೆಗೆಯದೆ ಮಾತಾಡಿಸಿದೆ.

"ನಿಮ್ಮೋರನ್ನ ಕೂರಿಸಿದ್ದಕ್ಕೆ ಲೆಕ್ಕ ಸಮ ಆಗ್ಲಿ ಅಂತ ನಮ್ಮಲ್ಲೂ ಒಬ್ಬನ್ನ ಕೂರಿಸಿದ್ರಮ್ಮ. ಆಗ ಹಾಗೇ ನಡೀತಿತ್ತು. ಕೂತೋನು ನಾನು. ನನ್ ಕಾಲೂ ಉಳುಕಿದೆ ಅಂತ ಬರೆದ್ರು."

ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ ಅಂದೆ.

"ಕೂರಿಸಿದೋರ ಮೇಲೆ ಸಿಟ್ಟು ಬರ್ಲಿಲ್ಲಮ್ಮ. ನಿಮ್ಮ ಯಜಮಾನ್ರ ಮೇಲೆ ಬಂತು. ಅದನ್ನ ಹೇಳ್ಕೊಳ್ಳಕ್ಕೆ ನಾಚಿಕೆ."

ಸರಪಳಿ ತೆಗೆದೆ. ಇದನ್ನೇ ಗೇಟಿನ ಸಮಾರಂಭದಲ್ಲಿ ಎಲ್ಲರೆದುರು ಹೇಳುತ್ತೀರಾ ಅಂದೆ, ಬರ್ತೀನಮ್ಮ ಅಂದ. ಕಾಫಿ ಮಾತ್ರ ಕೊಡಲಿಲ್ಲ.

ಅಕ್ಟೋಬರ್ 6, ಶನಿವಾರ. ಮೈದಾನದಲ್ಲಿ, ಹೆಸರಿಡುವ ಸಮಾರಂಭ

ಪ್ರೂವಿಟ್ ನನ್ನ ಭಾಷಣವನ್ನೂ ತಾನೇ ಬರೆದು ಕೊಟ್ಟಿದ್ದಾನೆ. ಎರಡೇ ನಿಮಿಷವಂತೆ. ಗೇಟಿನ ಬರಹದಲ್ಲಿ ಒಂದಕ್ಷರ ಬದಲಾಗಿಲ್ಲ. ಸೋಮವಾರ ಕಲ್ಲಿಗೆ ಉಳಿ ಹಾಕುತ್ತಾರೆ. ಈವತ್ತು ಹೇಳದಿದ್ದರೆ ಸುಳ್ಳೇ ನಿಲ್ಲುತ್ತದೆ.

ಟಾಲಿವರ್ ಬಂದಿದ್ದಾನೆ, ಕೊನೆಯ ಸಾಲಿನಲ್ಲಿ. ಬಾಯಿ ಬಿಡುತ್ತಾನೋ, ಕೈ ಕೊಡುತ್ತಾನೋ. ಅವರು ಯಾರು ಅಂತ ಪ್ರೂವಿಟ್ ಕೇಳಿದ.

"ನಮ್ಮೋರ ಜೊತೇಲೇ ಕಾಲು ಉಳುಕಿಸ್ಕೊಂಡೋರು" ಅಂದೆ. ಅವನು ತಟ್ಟನೆ ಮೈಕಿನ ಕಡೆ ನೋಡಿದ.

ನನ್ನ ಹೆಸರು ಕರೆದರು. ಅನುಮಾನ ಇನ್ನೂ ಹೋಗಿಲ್ಲ. ಆದರೂ ಟಾಲಿವರ್‌ಗೆ ಬನ್ನಿ ಅಂತ ಕೈ ಮಾಡಿದೆ. ಎದ್ದ. ಪ್ರೂವಿಟ್ ಮೈಕಿನ ಕಡೆ ಓಡುತ್ತಿದ್ದಾನೆ, ಅವನಿಗಿಂತ ಮೊದಲು ನಾವಿಬ್ಬರೂ ಮೈಕು ಹಿಡಿಯಬೇಕು—