ಕೋಚ್ ಯೆರ್ಕೊಗೆ ಕೆಂಪು ಕಾರ್ಡ್

ಒಸಿಯೆಕ್, ಭಾನುವಾರ

ಅಕ್ಕಾ,

ಕೋಚ್ ಆಗಿ ನನ್ನ ಮೊದಲ ಪಂದ್ಯ ಮುಗಿಯಿತು; ನನಗೆ ಮಾತ್ರ ಅರ್ಧಕ್ಕೇ ಮುಗಿಯಿತು. ಚೆಂಡು ಗೆರೆಯತ್ತ ಉರುಳಿ ಬರುತ್ತಿತ್ತು, ಇನ್ನೂ ಹೊರಗೆ ಹೋಗಿರಲಿಲ್ಲ. ಕಾಲು ನನ್ನ ಮಾತು ಕೇಳಲಿಲ್ಲ, ಮೈದಾನಕ್ಕಿಳಿದು ನಮ್ಮ ಆಟಗಾರನಿಗೆ ಪಾಸ್ ಕೊಟ್ಟೇಬಿಟ್ಟಿತು! ರೆಫರಿ ಕೆಂಪು ಕಾರ್ಡ್ ಎತ್ತಿ, "ಯೆರ್ಕೊ, ನೀನೀಗ ಕೋಚು ಕಣಯ್ಯಾ, ಮರ್ತೋಯ್ತಾ? ನಡಿ ಆಚೆ" ಎಂದ. ಪ್ರೇಕ್ಷಕರ ನಡುವೆ ಹೋಗಿ ಕುಳಿತೆ. ಪಕ್ಕದ ಅಜ್ಜಿ ಹುರಿದ ಕುಂಬಳಬೀಜ ಕೊಟ್ಟು, "ಇವತ್ತು ಚೆನ್ನಾಗಿ ಆಡಿದ್ದು ನೀನೊಬ್ನೇ ಮಗಾ" ಎಂದಳು. ಸೋತೆವು.

ಇಲ್ಲಿನವರು ಮೀನಿನ ಸಾರಿಗೆ ಸುರಿಯುವ ಮೆಣಸಿನಪುಡಿಗೆ ಹೊಟ್ಟೆ ಇನ್ನೂ ಒಗ್ಗಿಲ್ಲ. ಮನೆಯ ಆಲಿವ್ ಎಣ್ಣೆ ಒಂದು ಬಾಟಲಿ ಕಳಿಸು. ಆಪರೇಷನ್ ಆದ ಮೊಣಕಾಲು ಆ ಪಾಸ್ ಕೊಡುವಾಗ ನೋಯಲೇ ಇಲ್ಲ.

ನನ್ನ ಬೂಟುಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದಿದ್ದೆನಲ್ಲ, ಕೊಡಬೇಡ.

ನಿನ್ನ ತಮ್ಮ,
ಯೆರ್ಕೊ